ಮೈಮೇಲಿನ ಎಚ್ಚರ: ಉಸಿರಿನಿಂದ ಕಾಯಕದವರೆಗೆ ಒಂದು ಅಭ್ಯಾಸದ ಕೈಪಿಡಿ

ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವುದಕ್ಕೆ ಕಾಲು ಗಂಟೆ ಕಾದು, ಹಾಲನ್ನು ಹದವಾಗಿ ಕಾಯಿಸಿ, ನೊರೆ ಬರುವಂತೆ ಎತ್ತಿ ಹೊಯ್ದು ತಂದ ಕಾಫಿಯನ್ನು ಕೈಯಲ್ಲಿ ಹಿಡಿದು ಕುಳಿತವರು, ಲೋಟ ಕೆಳಗಿಡುವಾಗ ಮಾತ್ರ ಅದು ಖಾಲಿಯಾಗಿರುವುದನ್ನು ಗಮನಿಸುತ್ತಾರೆ. ಕುಡಿದವರು ಅವರೇ, ಆದರೆ ಆ ಹೊತ್ತಿನಲ್ಲಿ ಅವರು ನಿನ್ನೆ ಸಂಜೆಯ ಜಗಳದಲ್ಲೋ, ಹತ್ತು ಗಂಟೆಯ ಮೀಟಿಂಗಿನಲ್ಲೋ ಇದ್ದರು. ನನಗೂ ಇದು ವರ್ಷಗಟ್ಟಲೆ ದಿನನಿತ್ಯದ ಸಂಗತಿಯಾಗಿತ್ತು. ಇಂಥವರಿಗೆ ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಮಾತೊಂದಿದೆ: “ಮೈಮೇಲೆ ಎಚ್ಚರ ಇರಲಿ.” ಬೈಗುಳದಂತೆ ಕೇಳಿಸುವ ಈ ಮಾತಿನಲ್ಲಿ ಒಂದು ಖಚಿತವಾದ ಸೂಚನೆ ಅಡಗಿದೆ; ಎಚ್ಚರ ಇರಬೇಕಾದ ಜಾಗ ತಲೆಯೆಂದು ಅದು ಹೇಳುವುದಿಲ್ಲ, ಮೈ ಎನ್ನುತ್ತದೆ. ಇಲ್ಲಿ ವಿವರಿಸುವ ಅಭ್ಯಾಸವೆಲ್ಲ ಆ ಜಾಗದಿಂದಲೇ ಹೊರಡುತ್ತದೆ.

ಇದಕ್ಕಾಗಿ ಯಾರೂ ತಮ್ಮ ದೇವರನ್ನು ಬಿಡಬೇಕಿಲ್ಲ, ಹೊಸ ದೇವರನ್ನು ಹುಡುಕಿಕೊಳ್ಳಬೇಕಾಗಿಯೂ ಇಲ್ಲ. ಬೌದ್ಧರ ಪಾಲಿ ಗ್ರಂಥಗಳಲ್ಲಿ ‘ಸತಿ’ ಎಂದು ಕರೆಯುವುದು ಇದನ್ನೇ. ಉಸಿರಿನ ಮೇಲೆ ಗಮನವಿಡುವ ಕ್ರಮಕ್ಕೆ ಅಲ್ಲಿ ‘ಆನಾಪಾನ ಸತಿ’ ಎಂಬ ಹೆಸರಿದೆ. 1979ರಲ್ಲಿ ಜಾನ್ ಕಬಾಟ್-ಜಿನ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ದೀರ್ಘಕಾಲದ ನೋವಿನಿಂದ ಬಳಲುವ ರೋಗಿಗಳಿಗೆ ಇದನ್ನು ಕೆಲವು ವಾರಗಳ ತರಬೇತಿಯಾಗಿ ಕಲಿಸತೊಡಗಿದರು. ಅಲ್ಲಿಂದ ಅದು ಆಸ್ಪತ್ರೆ ಮತ್ತು ಕಚೇರಿಗಳಿಗೆ ಹಬ್ಬಿತು. ನಮ್ಮ ಹನ್ನೆರಡನೆಯ ಶತಮಾನದ ಶರಣರಿಗೂ ‘ಅರಿವು’ ಬಹಳ ದೊಡ್ಡ ಮಾತು, ಮತ್ತು ಅವರು ಅದನ್ನು ದುಡಿಮೆಯಿಂದ ಬೇರ್ಪಡಿಸಿ ನೋಡಲಿಲ್ಲ. ಈ ಮೂರೂ ದಾರಿಗಳು ಒಂದೇ ಎಂದು ನಾನು ವಾದಿಸುತ್ತಿಲ್ಲ, ಅವುಗಳ ಗುರಿಗಳು ಬೇರೆ ಬೇರೆ. ಆದರೆ ಹೊಸದಾಗಿ ತೊಡಗುವವರು ಇಡಬೇಕಾದ ಮೊದಲ ಹೆಜ್ಜೆ ಮಾತ್ರ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಕಡೆ ಇದೆ.

ಕುಳಿತುಕೊಳ್ಳುವ ಹತ್ತು ನಿಮಿಷ

ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ, ಮೊಬೈಲ್ ಮುಟ್ಟುವ ಮೊದಲು, ಹತ್ತು ನಿಮಿಷ ಕುಳಿತುಕೊಳ್ಳಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರು ಕುಂಡಿಯ ಕೆಳಗೆ ಮಾತ್ರ ಒಂದು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡರೆ, ಮೊಣಕಾಲುಗಳು ನೆಲದ ಕಡೆಗೆ ಇಳಿದು ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮಂಡಿನೋವಿರುವವರಿಗೆ ಕುರ್ಚಿಯೇ ಸರಿ. ಪಾದಗಳು ಪೂರ್ತಿಯಾಗಿ ನೆಲಕ್ಕೆ ತಾಗಿರಬೇಕು, ಬೆನ್ನು ಕುರ್ಚಿಗೆ ಒರಗದಿದ್ದರೆ ಒಳ್ಳೆಯದು. ಕುರ್ಚಿಯಲ್ಲಿ ಕುಳಿತರೆ ಧ್ಯಾನ ಕೀಳಾಗುತ್ತದೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದಕ್ಕೆ ಬೆಲೆ ಕೊಡಬೇಕಾಗಿಲ್ಲ.

ಕಣ್ಣು ಮುಚ್ಚಿ, ಮೂಗಿನ ಹೊಳ್ಳೆಗಳ ಅಂಚಿಗೂ ಮೇಲ್ದುಟಿಗೂ ನಡುವಿನ ಚಿಕ್ಕ ಜಾಗದಲ್ಲಿ ಗಮನವನ್ನು ಇಡಿ. ಒಳಗೆ ಹೋಗುವ ಗಾಳಿ ತುಸು ತಣ್ಣಗಿರುತ್ತದೆ, ಹೊರಗೆ ಬರುವ ಗಾಳಿ ತುಸು ಬೆಚ್ಚಗಿರುತ್ತದೆ. ಅಷ್ಟನ್ನು ಗುರುತಿಸಿದರೆ ಸಾಕು. ಇಲ್ಲಿ ಪ್ರಾಣಾಯಾಮ ಗೊತ್ತಿರುವವರು ಒಂದು ತಪ್ಪು ಮಾಡುತ್ತಾರೆ. ಪೂರಕ, ಕುಂಭಕ, ರೇಚಕ ಎಂದು ಉಸಿರನ್ನು ತಾವೇ ನಡೆಸಿ ಅಭ್ಯಾಸವಾಗಿರುವುದರಿಂದ, ಗಮನ ಇಟ್ಟ ಕೂಡಲೇ ಉಸಿರು ನೀಳವಾಗುತ್ತದೆ, ಶಬ್ದ ಬರುತ್ತದೆ, ಎರಡೇ ನಿಮಿಷದಲ್ಲಿ ದಣಿವಾಗುತ್ತದೆ. ಈ ಅಭ್ಯಾಸದಲ್ಲಿ ಉಸಿರು ಗಿಡ್ಡವಾಗಿದ್ದರೆ ಗಿಡ್ಡವಾಗಿಯೇ ಇರಲಿ, ಒಂದು ಹೊಳ್ಳೆಯಲ್ಲಿ ಮಾತ್ರ ಆಡುತ್ತಿದ್ದರೆ ಹಾಗೆಯೇ ಆಡಲಿ. ಬಾಗಿಲಲ್ಲಿ ಕುಳಿತವರು ಹೋಗಿಬರುವವರನ್ನು ನೋಡುವಂತೆ ನೋಡುವುದಷ್ಟೇ ಕೆಲಸ.

ಗಮನಕ್ಕೆ ಆಸರೆ ಬೇಕಾದರೆ ಹೊರಹೋಗುವ ಉಸಿರುಗಳನ್ನು ಒಂದರಿಂದ ಹತ್ತರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬನ್ನಿ. ನೀವು ಹದಿನೇಳರಲ್ಲೋ ಇಪ್ಪತ್ತಮೂರರಲ್ಲೋ ಇದ್ದೀರೆಂದು ಒಮ್ಮೆಗೇ ತಿಳಿದರೆ, ಎಣಿಕೆ ನಡೆದಿದೆ, ಎಣಿಸುವವರು ಎಲ್ಲೋ ಹೋಗಿದ್ದಾರೆ ಎಂದು ಅರ್ಥ. ಆಗ ನಗು ಬಂದರೆ ನಕ್ಕು ಒಂದರಿಂದ ಶುರುಮಾಡಿ. ಹೊಸ ಕರುವನ್ನು ಪಳಗಿಸುವವರು ಅದನ್ನು ಕಂಬಕ್ಕೆ ಕಟ್ಟುತ್ತಾರೆ. ಅದು ಜಗ್ಗುತ್ತದೆ, ಸುತ್ತುತ್ತದೆ, ಕೊನೆಗೆ ಕಂಬದ ಬುಡದಲ್ಲಿ ಮಲಗುತ್ತದೆ ಎಂಬ ಹೋಲಿಕೆ ಬೌದ್ಧ ವ್ಯಾಖ್ಯಾನಗಳಲ್ಲಿದೆ. ಕೊಟ್ಟಿಗೆ ಕಂಡ ಮನೆಯವರಿಗೆ ಇನ್ನೊಂದು ವಿಷಯವೂ ಗೊತ್ತಿರುತ್ತದೆ: ತಪ್ಪಿಸಿಕೊಂಡು ಹೋದ ಕರುವನ್ನು ಹೊಡೆದು ತಂದರೆ ಮಾರನೆಯ ದಿನ ಅದು ನಮ್ಮನ್ನು ಕಂಡರೇ ಓಡುತ್ತದೆ. ಹತ್ತು ನಿಮಿಷದಲ್ಲಿ ಮನಸ್ಸು ಐವತ್ತು ಸಲ ಹೊರಟುಹೋಗಿ ಐವತ್ತು ಸಲವೂ ಅದನ್ನು ಸದ್ದಿಲ್ಲದೆ ಮರಳಿ ತಂದಿದ್ದರೆ, ಆ ದಿನದ ಅಭ್ಯಾಸ ಚೆನ್ನಾಗಿಯೇ ಆಗಿದೆ. ಮನಸ್ಸು ಖಾಲಿಯಾಗಲಿಲ್ಲವೆಂದು ಕೊರಗಿ ಮೊದಲ ವಾರದಲ್ಲೇ ಬಿಟ್ಟುಬಿಡುವವರು ಈ ಲೆಕ್ಕವನ್ನು ತಿಳಿಯದವರು.

ಕಾಲು ಜೋಮು ಹಿಡಿಯುತ್ತದೆ, ಮೂಗಿನ ತುದಿ ತುರಿಸುತ್ತದೆ. ಕೂಡಲೇ ಕೈ ಎತ್ತದೆ, ಮೂರು ಉಸಿರುಗಳಷ್ಟು ಹೊತ್ತು ಆ ತುರಿಕೆಯನ್ನೇ ಗಮನಿಸಿ. ಅದು ಒಂದೇ ಸಮನೆ ಇರುವುದಿಲ್ಲ, ಏರುತ್ತದೆ, ಕದಲುತ್ತದೆ, ಬಹಳ ಸಲ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ತುರಿಸಿಕೊಳ್ಳಿ. ಹಟ ಸಾಧಿಸುವುದು ಇಲ್ಲಿ ಉದ್ದೇಶವಲ್ಲ. ನಿದ್ದೆ ಬಂದರೆ ಕಣ್ಣು ತೆರೆದು ಅಥವಾ ನಿಂತುಕೊಂಡು ಮುಂದುವರಿಸಬಹುದು.

ಸಮಯ ನೋಡುವ ವಿಚಾರದಲ್ಲಿ ನನ್ನ ಅನುಭವವೊಂದನ್ನು ಹೇಳಬೇಕು. ಮೊದಲ ಕೆಲವು ತಿಂಗಳು ನಾನು ಮೊಬೈಲಿನಲ್ಲೇ ಅಲಾರಂ ಇಟ್ಟುಕೊಳ್ಳುತ್ತಿದ್ದೆ. ಸತತವಾಗಿ ಎಷ್ಟು ದಿನ ಕುಳಿತೆನೆಂದು ಅದು ಪದಕಗಳನ್ನೂ ಕೊಡುತ್ತಿತ್ತು. ಮೂವತ್ತೊಂದನೆಯ ದಿನ ಊರಿಗೆ ಹೋಗುವ ಗಡಿಬಿಡಿಯಲ್ಲಿ ತಪ್ಪಿತು, ಲೆಕ್ಕ ಸೊನ್ನೆಗೆ ಇಳಿಯಿತು, ಬೇಸರದಲ್ಲಿ ಎರಡು ವಾರ ಕೂರಲೇ ಇಲ್ಲ. ಈಗ ಒಂದು ಊದುಬತ್ತಿಯನ್ನು ಮೂರು ತುಂಡು ಮಾಡಿ, ಒಂದು ತುಂಡನ್ನು ಹಚ್ಚುತ್ತೇನೆ. ಅದು ಆರಿದರೆ ಮುಗಿಯಿತು. ಯಾವ ಪದಕವೂ ಬರುವುದಿಲ್ಲ.

ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ

ಎರಡು ವಾರ ಹೀಗೆ ಕುಳಿತ ಮೇಲೆ, ಅದೇ ಗಮನವನ್ನು ದಿನದ ಒಂದು ಕೆಲಸಕ್ಕೆ ಕೊಂಡೊಯ್ಯಬೇಕು. ಎಲ್ಲ ಕೆಲಸವನ್ನೂ ಎಚ್ಚರದಿಂದ ಮಾಡುತ್ತೇನೆಂದು ಹೊರಟವರು ಯಾವುದನ್ನೂ ಮಾಡುವುದಿಲ್ಲವೆಂಬುದನ್ನು ನಾನು ನನ್ನಲ್ಲೇ ಕಂಡಿದ್ದೇನೆ. ಬೇಗ ಮುಗಿದರೆ ಸಾಕೆಂದು ನಾವು ಕಾಯುವ ಕೆಲಸವನ್ನೇ ಆರಿಸುವುದು ಉತ್ತಮ. ನಾನು ಆರಿಸಿದ್ದು ರಾತ್ರಿಯ ಪಾತ್ರೆ ತೊಳೆಯುವುದನ್ನು. ಮೊದಲು ನೀರು ಕೈಗೆ ತಾಗಿದಾಗಿನ ತಂಪು, ಆಮೇಲೆ ಕುಕ್ಕರಿನ ತಳದಲ್ಲಿ ಹಿಡಿದ ಅನ್ನದ ಗಟ್ಟಿತನ, ನಾರು ಉಜ್ಜುವಾಗ ಬೇಳೆ ಪಾತ್ರೆಗೂ ಒಗ್ಗರಣೆ ಸೌಟಿಗೂ ಶಬ್ದದಲ್ಲಿರುವ ವ್ಯತ್ಯಾಸ, ಜಿಡ್ಡು ಬಿಟ್ಟ ಸ್ಟೀಲನ್ನು ಬೆರಳಿನಿಂದ ತೀಡಿದಾಗ ಬರುವ ‘ಕೀಚ್’ ಎಂಬ ಸದ್ದು, ಇವನ್ನೆಲ್ಲ ನಾನು ಹದಿನೈದು ವರ್ಷ ಪಾತ್ರೆ ತೊಳೆದ ಮೇಲೆ ಮೊದಲ ಸಲ ಕೇಳಿದೆ. ಕೆಲಸಕ್ಕೆ ಹಿಡಿಯುವ ಸಮಯ ಹೆಚ್ಚಾಗಲಿಲ್ಲ. ಮುಗಿಸಿದ ಮೇಲೆ ಇರುತ್ತಿದ್ದ ಸಿಡುಕು ಮಾತ್ರ ಕಡಿಮೆಯಾಯಿತು.

ಶರಣ ನುಲಿಯ ಚಂದಯ್ಯನವರು ಕೆರೆಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸಿದವರು. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ಕಳಚಿ ನೀರಿಗೆ ಬಿದ್ದರೂ ಅವರು ಕೈಯಲ್ಲಿದ್ದ ಕೆಲಸವನ್ನು ನಿಲ್ಲಿಸಲಿಲ್ಲವೆಂದು ಅವರ ಕಥೆ ಹೇಳುತ್ತದೆ. ಕಾಯಕದ ಮಹತ್ವಕ್ಕೆ ಉದಾಹರಣೆಯಾಗಿ ಇದನ್ನು ಭಾಷಣಗಳಲ್ಲಿ ಸಾಕಷ್ಟು ಬಳಸುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಕಥೆಯೊಳಗಿನ ಕೈ: ಎಳೆ ಎಳೆಯಾಗಿ ಹುಲ್ಲನ್ನು ಹೊಸೆಯುವಾಗ ಗಮನ ಒಂದಿಷ್ಟು ಜಾರಿದರೆ ಹಗ್ಗದಲ್ಲಿ ಅಲ್ಲೊಂದು ಸಡಿಲು ಉಳಿಯುತ್ತದೆ, ಬಾವಿಗೆ ಕೊಡ ಇಳಿಬಿಟ್ಟ ದಿನ ಅದು ಗೊತ್ತಾಗುತ್ತದೆ. ಕೆಲಸ ಮಾಡುವಾಗ ನಾವು ಎಲ್ಲಿದ್ದೆವು ಎಂಬುದಕ್ಕೆ ಕೆಲಸವೇ ಸಾಕ್ಷಿ ಹೇಳುವಂಥ ಕಸುಬುಗಳು ಈಗ ನಮ್ಮಲ್ಲಿ ಬಹಳ ಜನರಿಗೆ ಇಲ್ಲ. ಹಾಗಾಗಿ ದಿನಕ್ಕೊಂದಾದರೂ ಕೈಕೆಲಸವನ್ನು ಉಳಿಸಿಕೊಳ್ಳಬೇಕು. ರಂಗೋಲಿ ಹಾಕುವುದು, ಹೂ ಕಟ್ಟುವುದು, ಅವರೆಕಾಯಿ ಬಿಡಿಸುವುದು, ಯಾವುದಾದರೂ ಆದೀತು. ಟಿವಿ ಮಾತ್ರ ಆರಿಸಿರಬೇಕು.

ಬಾಗಿಲು ತೆರೆದಿಡುವುದು

ಮೈಮೇಲೆ ಎಚ್ಚರ ಬಂದವರಿಗೆ ತಮ್ಮ ಬಿಗಿತಗಳೂ ಕಾಣತೊಡಗುತ್ತವೆ. ಬೇರೆ ಮತದವರ ಪ್ರಾರ್ಥನೆ ಕಿವಿಗೆ ಬಿದ್ದಾಗ ದವಡೆ ಬಿಗಿಯುವುದು, ತಮ್ಮ ಮನೆಯ ಪೂಜೆಯನ್ನು ಯಾರಾದರೂ ಪ್ರಶ್ನಿಸಿದಾಗ ಎದೆಯಲ್ಲಿ ಬಿಸಿಯೇಳುವುದು, ಇವೂ ಮೈಯಲ್ಲೇ ನಡೆಯುವ ಸಂಗತಿಗಳು. ಅಧ್ಯಾತ್ಮದಲ್ಲಿ ಮುಕ್ತ ಮನಸ್ಸು ಎಂದರೆ ಎಲ್ಲವನ್ನೂ ಒಪ್ಪಿಕೊಳ್ಳುವುದೆಂದು ತಿಳಿಯಬೇಕಾಗಿಲ್ಲ. ಒಪ್ಪುವ ಅಥವಾ ತಳ್ಳುವ ಮೊದಲು ಆ ಬಿಗಿತವನ್ನು ಮೂಗಿನ ತುದಿಯ ತುರಿಕೆಯಂತೆಯೇ ಮೂರು ಉಸಿರು ನೋಡಿದರೆ ಸಾಕು.

ಶಿಶುನಾಳ ಶರೀಫರ ಬದುಕು ಇದಕ್ಕೆ ನಮ್ಮ ನಾಡಿನಲ್ಲೇ ಇರುವ ನಿದರ್ಶನ. 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದ ಮುಸ್ಲಿಂ ಮನೆಯಲ್ಲಿ ಹುಟ್ಟಿದ ಅವರು ಕಳಸದ ಬ್ರಾಹ್ಮಣರಾದ ಗೋವಿಂದ ಭಟ್ಟರನ್ನು ಗುರುವಾಗಿ ಸ್ವೀಕರಿಸಿದರು. ಎರಡೂ ಕಡೆಯ ಜನ ಆಡಿಕೊಂಡರೂ ಗುರುಶಿಷ್ಯರಿಬ್ಬರೂ ಜಗ್ಗಲಿಲ್ಲ. ಅವರ ತತ್ವಪದಗಳಲ್ಲಿ ಬರುವುದೆಲ್ಲ ಸೋರುವ ಮನೆಯ ಮಾಳಿಗೆ, ಬೀಸುವ ಕಲ್ಲು, ಕೋಡಗ, ಕೋಳಿ. ದೊಡ್ಡ ಮಾತನ್ನು ಹೇಳಬೇಕಾದರೂ ಕಣ್ಣೆದುರಿನ ವಸ್ತುವನ್ನು ಬಿಟ್ಟು ಅವರು ಹಾರಲಿಲ್ಲ. 1889ರಲ್ಲಿ ಅವರು ತೀರಿಕೊಂಡರು. ಶಿಶುನಾಳದ ಅವರ ಗದ್ದುಗೆಗೆ ಇಂದಿಗೂ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ.

ಮಾಡಿ ನೋಡಬಹುದಾದದ್ದು ಸರಳವಾಗಿದೆ. ತಿಂಗಳಿಗೊಮ್ಮೆ ನಿಮ್ಮದಲ್ಲದ ಒಂದು ಪ್ರಾರ್ಥನಾ ಸ್ಥಳಕ್ಕೆ ಹೋಗಿ, ಅಲ್ಲಿಯವರ ಅನುಮತಿ ಕೇಳಿ, ಅಲ್ಲಿಯ ಶಿಸ್ತಿನಂತೆ ಚಪ್ಪಲಿ ಬಿಟ್ಟೋ ತಲೆಗೆ ಬಟ್ಟೆ ಹಾಕಿಕೊಂಡೋ, ಹಿಂದಿನ ಸಾಲಿನಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ, ಫೋಟೋ ತೆಗೆಯಬೇಡಿ. ಮೈಸೂರಿನ ಕಡೆಯವರಿಗೆ ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ವಿಹಾರವಿದೆ. ಚಿನ್ನದ ಬಣ್ಣದ ಮೂರ್ತಿಗಳ ಮುಂದೆ ಸೆಲ್ಫಿ ತೆಗೆದುಕೊಂಡು ಹೊರಡುವವರ ನಡುವೆ, ಭಿಕ್ಷುಗಳ ಪಠಣವನ್ನು ಅರ್ಥವಾಗದೆಯೂ ಕೇಳುತ್ತ ಕೂರುವುದು ಒಳ್ಳೆಯ ಅಭ್ಯಾಸ. ಜೈನ ಸ್ನೇಹಿತರಿದ್ದರೆ ಅವರ ಸಾಮಾಯಿಕದ ಬಗ್ಗೆ ಕೇಳಿ. ವ್ಯಾಪಾರ, ಜಗಳ, ಅಡುಗೆ ಎಲ್ಲವನ್ನೂ ಬದಿಗಿಟ್ಟು 48 ನಿಮಿಷ ಸಮಭಾವದಲ್ಲಿ ಕೂರುವ ಆ ಕ್ರಮ, ಗೃಹಸ್ಥರಿಗೆ ಎಷ್ಟು ಹೊಂದುತ್ತದೆಂದು ನೋಡಿ ನನಗೆ ಆಶ್ಚರ್ಯವಾಗಿತ್ತು.

ಶಿಬಿರಕ್ಕೆ ಹೋಗುವ ಮುನ್ನ

ಕೆಲವು ತಿಂಗಳ ನಂತರ ಹೆಚ್ಚಿನದನ್ನು ಬಯಸುವವರು ವಿಪಶ್ಯನ ಎಂಬ ಬೌದ್ಧ ಧ್ಯಾನಕ್ರಮದ ಹತ್ತು ದಿನಗಳ ಶಿಬಿರವನ್ನು ಆಲೋಚಿಸಬಹುದು. ಬರ್ಮಾದಲ್ಲಿ ಹುಟ್ಟಿ ಅಲ್ಲಿಯೇ ಕಲಿತ ಎಸ್. ಎನ್. ಗೋಯೆಂಕಾ ಅವರು 1969ರಿಂದ ಭಾರತದಲ್ಲಿ ಕಲಿಸಿದ ಕ್ರಮವಿದು. ಬೆಂಗಳೂರಿನ ಹೊರವಲಯದಲ್ಲೂ ‘ಧಮ್ಮ ಪಫುಲ್ಲ’ ಎಂಬ ಕೇಂದ್ರವಿದೆ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ ಬಾರಿಸುತ್ತದೆ, ದಿನಕ್ಕೆ ಸುಮಾರು ಹತ್ತು ಗಂಟೆ ಧ್ಯಾನ, ಮಾತು, ಮೊಬೈಲ್, ಪುಸ್ತಕ ಯಾವುದೂ ಇರುವುದಿಲ್ಲ. ಶುಲ್ಕವಿಲ್ಲ, ಒಂದು ಶಿಬಿರ ಮುಗಿಸಿದವರ ದಾನದಿಂದಲೇ ಅದು ನಡೆಯುತ್ತದೆ. ಮನೆಯಲ್ಲಿ ಇಪ್ಪತ್ತು ನಿಮಿಷ ಕೂತು ಅಭ್ಯಾಸವಿಲ್ಲದವರು ನೇರವಾಗಿ ಅಲ್ಲಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ತೀವ್ರ ಖಿನ್ನತೆ, ಹಿಂದಿನ ಆಘಾತ, ಭ್ರಮೆಗಳ ತೊಂದರೆ ಇರುವವರು ತಮ್ಮ ವೈದ್ಯರನ್ನು ಕೇಳದೆ ಹೋಗಲೇಬಾರದು, ಔಷಧವನ್ನು ನಿಲ್ಲಿಸಲೂಬಾರದು. ಮೌನ ಎಲ್ಲರಿಗೂ ಮದ್ದಲ್ಲ. ಮನೆಯಲ್ಲಿ ಕುಳಿತಾಗಲೂ ಭಯ ಏರುತ್ತ ಹೋದರೆ ಕಣ್ಣು ತೆರೆದು, ಎದ್ದು ನಡೆದು, ಯಾರೊಡನಾದರೂ ಮಾತಾಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ತಪ್ಪಿಹೋದ ದಿನಗಳ ಬಗ್ಗೆ ಒಂದು ಮಾತು ಉಳಿದಿದೆ. ಮದುವೆ, ಜ್ವರ, ಪ್ರಯಾಣ ಎಂದು ಅಭ್ಯಾಸ ಬಿಟ್ಟುಹೋಗುತ್ತಲೇ ಇರುತ್ತದೆ. ಮೂರು ದಿನ ತಪ್ಪಿದವರು ನಾಲ್ಕನೆಯ ದಿನ ನಲವತ್ತು ನಿಮಿಷ ಕುಳಿತು ಸರಿದೂಗಿಸಲು ಹೋಗುತ್ತಾರೆ, ಬೆನ್ನು ಹಿಡಿದುಕೊಂಡು ಐದನೆಯ ದಿನವೂ ತಪ್ಪಿಸುತ್ತಾರೆ. ಆಯ್ದಕ್ಕಿ ಲಕ್ಕಮ್ಮನವರ ಗಂಡ ಮಾರಯ್ಯನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಅವರನ್ನು ವಾಪಸು ಕಳಿಸಿದರು. ನಾಲ್ಕನೆಯ ದಿನವೂ ಊದುಬತ್ತಿಯ ಒಂದೇ ತುಂಡನ್ನು ಹಚ್ಚಿ.