ಗೂಗಲ್ ಡಾಕ್ಸ್‌ನ ಗಣಿತ ಸೂತ್ರಗಳನ್ನು ಕೆಡದಂತೆ ಅಚ್ಚಿಗೆ ಒಯ್ಯುವುದು ಹೇಗೆ?

2ರ ಘಾತ 5 ಎಂದರೆ 32. ತುಮಕೂರಿನ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ನನ್ನ ಕಣ್ಣೆದುರೇ ಅಚ್ಚಾಗಿ ಬಂದ ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಅದು 25 ಆಗಿತ್ತು. ಶಿರಾ ಕಡೆಯಿಂದ ಬಂದಿದ್ದ ಆ ಮೇಷ್ಟ್ರು ಗೂಗಲ್ ಡಾಕ್ಸ್‌ನಲ್ಲಿ ಸರಿಯಾಗಿಯೇ ಬರೆದಿದ್ದರು. ಆದರೆ ಘಾತಾಂಕವನ್ನು ಸೂತ್ರವಾಗಿ ಬರೆಯದೆ, ಅಕ್ಷರವನ್ನು ಮೇಲಕ್ಕೇರಿಸಿ ಬರೆದು, ಅಂಗಡಿಯವರು ತೆರೆದುಕೊಟ್ಟ ನುಡಿ (ಕನ್ನಡ ಬೆರಳಚ್ಚಿನ ತಂತ್ರಾಂಶ) ಕಡತಕ್ಕೆ ನಕಲಿಸಿ ಅಂಟಿಸಿದ್ದರಿಂದ, ಮೇಲಿದ್ದ 5 ಕೆಳಗಿಳಿದು 2ರ ಪಕ್ಕಕ್ಕೆ ಬಂದು ನಿಂತಿತ್ತು. ನೂರಿಪ್ಪತ್ತು ಪ್ರತಿ ಆಗಲೇ ಮುಗಿದಿತ್ತು. ಇಂಥದ್ದನ್ನು ಪ್ರತಿ ವರ್ಷ ನೋಡುತ್ತಿರುವುದರಿಂದ ಈ ಲೇಖನ.

ಮೊದಲಿಗೆ, ಡಾಕ್ಸ್‌ನಲ್ಲಿ ಇನ್ಸರ್ಟ್ ಪಟ್ಟಿಯ ಈಕ್ವೇಷನ್ ಸಾಧನದಿಂದಲೇ ಸೂತ್ರವನ್ನು ಬರೆಯಬೇಕು, ಅದು ಎಷ್ಟೇ ಚಿಕ್ಕದಾಗಿರಲಿ. ನಂತರ ಪೇಜ್ ಸೆಟಪ್‌ನಲ್ಲಿ ಹಾಳೆಯ ಅಳತೆ ಎ4 ಇದೆಯೇ ಎಂದು ನೋಡಿಕೊಳ್ಳಬೇಕು. ಕೆಲವರ ಖಾತೆಯಲ್ಲಿ ಅಲ್ಲಿ ಲೆಟರ್ ಎಂದಿರುತ್ತದೆ. ಅದು 216 ಮಿ.ಮೀ. ಅಗಲ, 279 ಮಿ.ಮೀ. ಉದ್ದವಿದ್ದರೆ, ನಮ್ಮ ಎ4 ಹಾಳೆ 210ಕ್ಕೆ 297. ಇದನ್ನು ಕೊನೆಯಲ್ಲಿ ಬದಲಿಸಿದರೆ ಸಾಲುಗಳೆಲ್ಲ ಜರುಗಿ, ಪ್ರಶ್ನೆ ಒಂದು ಪುಟದಲ್ಲೂ ಅದರ ಸೂತ್ರ ಮತ್ತೊಂದು ಪುಟದಲ್ಲೂ ಉಳಿಯುತ್ತವೆ.

ಕನ್ನಡ ಪಠ್ಯ ಯೂನಿಕೋಡ್‌ನಲ್ಲಿದ್ದು (ಎಲ್ಲ ಗಣಕಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ), ಸೂತ್ರಗಳು ಭಿನ್ನರಾಶಿ, ವರ್ಗಮೂಲ, ಘಾತಾಂಕಗಳಷ್ಟೇ ಆಗಿದ್ದರೆ, ಫೈಲ್ ಪಟ್ಟಿಯ ಡೌನ್‌ಲೋಡ್‌ಗೆ ಹೋಗಿ ಪಿಡಿಎಫ್ ಆಯ್ದುಕೊಂಡರೆ ಸಾಕು. ಹತ್ತನೇ ತರಗತಿಯ ಬಹುಪಾಲು ಪತ್ರಿಕೆಗಳಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ತೊಂದರೆ ಶುರುವಾಗುವುದು ಪಿಯುಸಿ ಪತ್ರಿಕೆಗಳಲ್ಲಿ. ಡಾಕ್ಸ್‌ನ ಸೂತ್ರ ಸಾಧನ ಸರಳವಾದದ್ದು. ಮಾತೃಕೆ, ನಿರ್ಧಾರಕಗಳನ್ನು ಬರೆಯಲು ಅದು ಒದಗುವುದಿಲ್ಲ. ಹೀಗಾಗಿ ಕಡತವನ್ನು ವರ್ಡ್‌ಗೆ ಒಯ್ಯಬೇಕಾಗುತ್ತದೆ, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ನಕಲಿಸಿ ಅಂಟಿಸುವುದು ಬೇಡವೇ ಬೇಡ. ಡೌನ್‌ಲೋಡ್ ಪಟ್ಟಿಯಿಂದ ಡಾಕ್‌ಎಕ್ಸ್ ರೂಪದಲ್ಲಿ ಇಳಿಸಿಕೊಂಡು ವರ್ಡ್‌ನಲ್ಲಿ ತೆರೆದ ಮೇಲೆ, ಒಂದೊಂದು ಸೂತ್ರದ ಮೇಲೂ ಕ್ಲಿಕ್ ಮಾಡಿ ನೋಡಬೇಕು: ಸುತ್ತಲೂ ತೆಳುವಾದ ಚೌಕಟ್ಟು ಮೂಡಿ ಮೇಲ್ಪಟ್ಟಿಯಲ್ಲಿ ಈಕ್ವೇಷನ್ ಎಂಬ ಹೊಸ ಭಾಗ ಕಾಣಿಸಿಕೊಂಡರೆ ಸೂತ್ರ ಸೂತ್ರವಾಗಿಯೇ ಬಂದಿದೆ; ಅಂಚುಗಳಲ್ಲಿ ಹಿಗ್ಗಿಸುವ ಚುಕ್ಕೆಗಳು ಕಂಡರೆ ಅದು ಚಿತ್ರ, ಅದನ್ನು ಅಳಿಸಿ ಮತ್ತೆ ಬರೆಯಬೇಕು. ವರ್ಗಸಮೀಕರಣದ ಸೂತ್ರವನ್ನಂತೂ ಕಣ್ಣಿಟ್ಟು ನೋಡಬೇಕು. ವರ್ಗಮೂಲದ ಗೆರೆ ಶೋಧಕದ (ಬಿ² − 4ಎಸಿ) ಕೊನೆಯವರೆಗೆ ಚಾಚಿರಬೇಕು, 2ಎ ಎಂಬ ಛೇದ ಇಡೀ ಅಂಶದ ಕೆಳಗಿರಬೇಕು. ಗೆರೆ ಅರ್ಧಕ್ಕೇ ನಿಂತರೆ ಪ್ರಶ್ನೆಯೇ ಬೇರೆಯಾಗುತ್ತದೆ. ಹೊಸ ಸೂತ್ರ ಸೇರಿಸಲು ಆಲ್ಟ್ ಕೀಲಿಯ ಜೊತೆ ಸಮಚಿಹ್ನೆಯನ್ನು ಒತ್ತಿದರೆ ಪೆಟ್ಟಿಗೆ ತೆರೆದುಕೊಳ್ಳುತ್ತದೆ, ಮಾತೃಕೆಯ ಮಾದರಿಗಳೂ ಅದೇ ಮೇಲ್ಪಟ್ಟಿಯಲ್ಲಿವೆ. ಡಾಲರ್ ಚಿಹ್ನೆ, ಬ್ಯಾಕ್‌ಸ್ಲ್ಯಾಷ್‌ಗಳಿಂದ ತುಂಬಿದ ಲೇಟೆಕ್ (ಗಣಿತವನ್ನು ಸಂಕೇತಗಳಲ್ಲಿ ಬರೆಯುವ ಪದ್ಧತಿ) ಸೂತ್ರವನ್ನು ಎಲ್ಲಿಂದಲೋ ತಂದಿದ್ದರೆ, ಡಾಲರ್ ಚಿಹ್ನೆಗಳನ್ನು ತೆಗೆದು ಆ ಪೆಟ್ಟಿಗೆಯೊಳಗೆ ಅಂಟಿಸಿ, ಮೇಲ್ಪಟ್ಟಿಯಲ್ಲಿ ಲೇಟೆಕ್ ಆಯ್ದು, ಪರಿವರ್ತಿಸುವ ಗುಂಡಿಯನ್ನು ಒತ್ತಬೇಕು. ಈಚಿನ ವರ್ಡ್ ಆವೃತ್ತಿಗಳಲ್ಲಿ ಈ ಸೌಲಭ್ಯವಿದೆ.

ಸಾಲಿನ ನಡುವೆ ಬರೆದ ಭಿನ್ನರಾಶಿಯನ್ನು ವರ್ಡ್ ಕುಗ್ಗಿಸುತ್ತದೆ ಎಂಬುದನ್ನು ನೆನಪಿಡಬೇಕು. ಪರದೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ, ಆದರೆ ಒಂದು ಪ್ರತಿಯಿಂದ ಮತ್ತೊಂದು ಪ್ರತಿ ತೆಗೆಯುವಾಗ ಘಾತಾಂಕದ 3 ಮತ್ತು 8 ಒಂದೇ ಮಸಿಯ ಚುಕ್ಕೆಯಾಗುತ್ತವೆ. ಆದ್ದರಿಂದ ಭಿನ್ನರಾಶಿ ಇರುವ ಸೂತ್ರಕ್ಕೆ ಪ್ರತ್ಯೇಕ ಸಾಲನ್ನೇ ಕೊಡಿ, ಒಂದು ಹಾಳೆ ಹೆಚ್ಚಾದರೂ ಚಿಂತೆಯಿಲ್ಲ.

ಸ್ಕ್ರೀನ್‌ಶಾಟ್ ತೆಗೆದು ಅಂಟಿಸುವುದು ಸುಲಭವೆಂದು ಮಧುಗಿರಿಯ ಗೆಳೆಯರೊಬ್ಬರು ಇಂದಿಗೂ ವಾದಿಸುತ್ತಾರೆ. ಪರದೆಗೆ ಸಾಕಾಗುವ ಚುಕ್ಕೆಗಳು ಅಚ್ಚಿಗೆ ಸಾಕಾಗುವುದಿಲ್ಲ. ಅಚ್ಚಿಗೆ ಅಂಗುಲಕ್ಕೆ 300 ಚುಕ್ಕೆಗಳಾದರೂ ಬೇಕು. ಇನ್ನು, ಕಡತ ಏರಿಸಿದರೆ ಉಚಿತವಾಗಿ ಪಿಡಿಎಫ್ ಮಾಡಿಕೊಡುತ್ತೇವೆ ಎನ್ನುವ ಜಾಲತಾಣಗಳ ಸಹವಾಸವೂ ಬೇಡ: ಅವುಗಳಲ್ಲಿ ಹಲವು ಸೂತ್ರವನ್ನು ಕೆಡಿಸುತ್ತವೆ, ಅಲ್ಲದೆ ಪರೀಕ್ಷೆಗೆ ಮುನ್ನ ಪ್ರಶ್ನೆಪತ್ರಿಕೆಯನ್ನು ಗುರುತಿಲ್ಲದವರ ಕೈಗೆ ಕೊಟ್ಟಂತಾಗುತ್ತದೆ. ಅಂಗಡಿಯ ಗಣಕದಲ್ಲಿ ಹಳೆಯ ವರ್ಡ್ ಇದೆಯೆಂದು 97–2003ರ ಡಾಕ್ ರೂಪದಲ್ಲಿ ಉಳಿಸುವುದೂ ತಪ್ಪು, ಏಕೆಂದರೆ ಹಾಗೆ ಉಳಿಸುವಾಗ ಸೂತ್ರಗಳೆಲ್ಲ ಚಿತ್ರಗಳಾಗುತ್ತವೆ.

ಹಳೆಯ ನುಡಿಯಲ್ಲಿ ಬೆರಳಚ್ಚಿಸಿದ ಕನ್ನಡ, ಗಣಕದ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಇರುತ್ತದೆ. ನುಡಿಯ ಅಕ್ಷರಶೈಲಿ (ಫಾಂಟ್) ಇಲ್ಲದ ಕಡೆ ಅದು ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ. ಮೊದಲೇ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಂಡು, ಆಮೇಲೆ ಸೂತ್ರಗಳನ್ನು ಸೇರಿಸಬೇಕು.

ಪಿಡಿಎಫ್ ಮಾಡುವ ಕೆಲಸ ನಿಮ್ಮ ಗಣಕದಲ್ಲೇ ಆಗಬೇಕು. 1993ರಲ್ಲಿ ಅಡೋಬಿ ಸಂಸ್ಥೆ ಹೊರತಂದ ಈ ರೂಪದ ಉದ್ದೇಶವೇ ಪುಟವನ್ನು ಎಲ್ಲಿ ತೆರೆದರೂ ಇದ್ದ ಹಾಗೆಯೇ ತೋರಿಸುವುದು. ಆದರೆ ಅಕ್ಷರಶೈಲಿ ಕಡತದೊಳಗೆ ಅಡಕವಾಗಿರದಿದ್ದರೆ ಆ ಭರವಸೆ ನಿಲ್ಲುವುದಿಲ್ಲ. ವರ್ಡ್‌ನ ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆಯ್ದು, ಆಪ್ಷನ್ಸ್ ಒಳಗೆ ಪಿಡಿಎಫ್/ಎ ಎಂಬಲ್ಲಿ ಗುರುತು ಹಾಕಿದರೆ ಅಕ್ಷರಶೈಲಿಗಳು ಅಡಕಗೊಳ್ಳುತ್ತವೆ. ಬಳಿಕ ಕಡತವನ್ನು ತೆರೆದು 400 ಶೇಕಡಾ ಹಿಗ್ಗಿಸಿ, ತೀಟಾ ಮತ್ತು ಪೈಗಳ ಅಂಚು ನುಣುಪಾಗಿದೆಯೇ ನೋಡಿ. ಮೆಟ್ಟಿಲು ಮೆಟ್ಟಿಲಾಗಿ ಒಡೆದರೆ ಎಲ್ಲೋ ಚಿತ್ರ ನುಸುಳಿದೆ ಎಂದರ್ಥ. ತೀಟಾ ಇರಬೇಕಾದಲ್ಲಿ ಬರಿಯ ಚೌಕ ಕಂಡರೆ ಅಕ್ಷರಶೈಲಿ ಕೈಕೊಟ್ಟಿದೆ, ಹಿಂದಿನ ಹಂತಕ್ಕೆ ಮರಳಬೇಕು.

ಅಂಗಡಿಗೆ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ವಾಟ್ಸ್‌ಆ್ಯಪ್ ಅನಿವಾರ್ಯವಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಬೇಕೇ ಹೊರತು ಪುಟದ ಫೋಟೊ ಕಳುಹಿಸಬಾರದು. ಅಳತೆಯ ಆಯ್ಕೆಯಲ್ಲಿ ಆಕ್ಚುಯಲ್ ಸೈಜ್ ಇಡಲು ಹೇಳಿ, ಮೊದಲು ಒಂದೇ ಪ್ರತಿ ತೆಗೆಸಿ, ಅಂಗಡಿಯ ಕಟ್ಟೆಯ ಮೇಲೆಯೇ ಹರಡಿಕೊಂಡು, ನಿಮ್ಮ ಕೈಬರಹದ ಮೂಲದೊಂದಿಗೆ ಸೂತ್ರದಿಂದ ಸೂತ್ರಕ್ಕೆ ಹೋಲಿಸಿ ನೋಡಿ. ಹಿಂದೆ ಸರದಿಯಲ್ಲಿ ನಿಂತವರು ಗೊಣಗಿದರೆ ಗೊಣಗಲಿ. ಉಳಿದ ಪ್ರತಿಗಳಿಗೆ ಆಮೇಲೆಯೇ ಹೇಳಿ.