ದಿನಕ್ಕೊಂದು ಫೋಟೊ, ಮನೆಯೊಳಗೇ

ಜನವರಿ 1ಕ್ಕೆ ಶುರು, ಸಂಕ್ರಾಂತಿ ಹೊತ್ತಿಗೆ ಬಂದ್. ‘ಈ ವರ್ಷ ದಿನಕ್ಕೊಂದು ಫೋಟೊ ತೆಗೀತೀನಿ’ ಎಂದು ಹೊರಟ ನನ್ನ ಪರಿಚಯದವರಲ್ಲಿ ಹೆಚ್ಚಿನವರ ಕತೆ ಇದೇ. ಮೊದಲ ದಿನ ಜೋಗ, ಮರುದಿನ ಕೊಡಚಾದ್ರಿಯ ಸೂರ್ಯಾಸ್ತ, ಮೂರನೇ ದಿನ ಸಕ್ರೆಬೈಲಿನ ಆನೆ. ನಾಲ್ಕನೇ ದಿನ ಎಲ್ಲಿಗೆ ಹೋಗುವುದು? ಅತ್ತ ಮನೆಯಂಗಳದಲ್ಲಿ ಅಡಿಕೆ ಒಣಗುತ್ತಾ ಇರುತ್ತದೆ, ಅಜ್ಜಿ ಅದನ್ನು ಕೈಯಾಡಿಸುತ್ತಾ ಇರುತ್ತಾರೆ. ಅದರದ್ದು ಒಂದು ಫೋಟೊ ಕೂಡ ಇರುವುದಿಲ್ಲ.

ಹಾಗಾಗಿ ಮೊದಲ ಹಂತ: ಗೇಟಿನಿಂದ ಹೊರಗೆ ಹೋಗಬೇಡಿ. ಒಂದು ತಿಂಗಳಾದರೂ ಮನೆ, ಹಿತ್ತಲು, ಕೊಟ್ಟಿಗೆ ಅಷ್ಟೇ.

ಎರಡನೆಯದು ಕ್ಯಾಮೆರಾ. ಕೈಯಲ್ಲಿರುವ ಫೋನು ಸಾಕು. ಲೆನ್ಸನ್ನು ಹತ್ತಿಬಟ್ಟೆಯಲ್ಲಿ ಒರೆಸಿಕೊಳ್ಳಿ. ಅಡುಗೆಮನೆಯ ಎಣ್ಣೆ ಜಿಡ್ಡು ಕೂತಿರುತ್ತದೆ. ಆನ್‌ಲೈನಿನಲ್ಲಿ ಸಿಗುವ ಕ್ಲಿಪ್ ಲೆನ್ಸ್ ದಯವಿಟ್ಟು ಕೊಳ್ಳಬೇಡಿ, ಅಂಚೆಲ್ಲ ಮಸುಕಾಗಿ ಬರುತ್ತದೆ. ಬ್ಯೂಟಿ ಮೋಡ್ ಆಫ್ ಮಾಡಿಬಿಡಿ. ಪೋರ್ಟ್ರೇಟ್ ಮೋಡ್ ಕೂಡ. ಅದು ಹಿನ್ನೆಲೆಯನ್ನು ಮಸುಕು ಮಾಡುತ್ತದೆ. ನಮಗೆ ಬೇಕಾದ್ದೇ ಹಿನ್ನೆಲೆ ಅಲ್ವಾ? ಗೋಡೆಯ ಕ್ಯಾಲೆಂಡರು, ಗೂಟಕ್ಕೆ ನೇತು ಹಾಕಿದ ಕಂಬಳಿ, ಕಪಾಟಿನ ಮೇಲಿನ ಉಪ್ಪಿನಕಾಯಿ ಭರಣಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ: ಮಳೆಗಾಲದ ಅಡುಗೆಮನೆ. ನಮ್ಮ ಮಲೆನಾಡಿನ ಹಳೆ ಮನೆಗಳಿಗೆ ಸಣ್ಣ ಕಿಟಕಿ, ಮಾಡು (ಚಾವಣಿ) ಕೆಳಗಿನವರೆಗೆ ಇಳಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು 11 ಗಂಟೆಗೂ ಒಳಗೆ ಕತ್ತಲು. ಜನ ಏನು ಮಾಡುತ್ತಾರೆ ಅಂದ್ರೆ ಫ್ಲ್ಯಾಷ್ ಹಾಕುತ್ತಾರೆ. ಅಮ್ಮನ ಮುಖ ಬೆಳ್ಳಗೆ, ಹಿಂದೆ ಕಪ್ಪು ಗೋಡೆ, ಆಧಾರ್ ಕಾರ್ಡಿನ ಫೋಟೊದ ಹಾಗೆ.

ಫ್ಲ್ಯಾಷ್ ಬೇಡ. ಹಿತ್ತಲ ಬಾಗಿಲು ಪೂರ್ತಿ ತೆಗೆಯಿರಿ. ಟ್ಯೂಬ್‌ಲೈಟ್ ಆರಿಸಿ. ಹೊರಗಿನ ಬೆಳಕು, ಒಳಗಿನ ಬೆಳಕು ಎರಡೂ ಬೆರೆತರೆ ಮುಖ ಅರ್ಧ ನೀಲಿ, ಅರ್ಧ ಹಳದಿ ಆಗುತ್ತದೆ. ಕೆಲಸ ಮಾಡುವವರ ಒಂದು ಕೆನ್ನೆಗೆ ಬಾಗಿಲ ಬೆಳಕು ಬೀಳುವ ಹಾಗೆ ನಿಮ್ಮ ಜಾಗ ಹುಡುಕಿ. ಅವರ ಜಾಗ ಬದಲಿಸಬೇಡಿ. ನೀವು ಬಾಗಿಲಿಗೆ ಅಡ್ಡ ನಿಂತರೆ ಇದ್ದ ಬೆಳಕೂ ಹೋಯಿತು. ಅವರು ಮಣೆಯ ಮೇಲೆ ಕೂತಿದ್ದರೆ ನೀವೂ ನೆಲಕ್ಕೆ ಕೂರಿ. ನಿಂತು ತೆಗೆದರೆ ಬರೀ ಬೈತಲೆ ಕಾಣುತ್ತದೆ.

ಆಮೇಲೆ ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಬೆಳಕು ಅಲ್ಲಿಗೇ ಲಾಕ್ ಆಗುತ್ತದೆ. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಫೋಟೊ ತುಸು ಕಪ್ಪಾದರೇನು, ದೋಸೆ ಕಾವಲಿಯಿಂದ ಏಳುವ ಹಬೆ ಎದ್ದು ಕಾಣುತ್ತದೆ. ನೈಟ್ ಮೋಡ್ ತಾನಾಗಿ ಆನ್ ಆಗಿದ್ದರೆ ಆರಿಸಿ. ಅದು ಬೆಳಕು ಹಿಡಿಯಲು ಸೆಕೆಂಡುಗಟ್ಟಲೆ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಕೈ ಎಲ್ಲೋ ಹೋಗಿರುತ್ತದೆ.

ಅದಕ್ಕಿಂತ ಮುಖ್ಯ, ಕೈ ನಿಲ್ಲುವ ಗಳಿಗೆ ನೋಡಿ ಒತ್ತುವುದು. ಪ್ರತಿ ಕೆಲಸದಲ್ಲೂ ಅದು ಇರುತ್ತದೆ. ದೋಸೆ ಹುಯ್ದು ಮುಗಿದು ಸೌಟು ಎತ್ತುವಾಗ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವವರು ಒಂದನ್ನು ಬುಟ್ಟಿಗೆ ಎಸೆದು ಇನ್ನೊಂದಕ್ಕೆ ಕೈ ಚಾಚುವ ಮುಂಚೆ. ಎರಡು ನಿಮಿಷ ಸುಮ್ನೆ ನೋಡುತ್ತಾ ಕೂತರೆ ಆ ಲಯ ಸಿಗುತ್ತದೆ.

ರಾತ್ರಿ ಸುಲಿತದ ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬಂದರೆ ಫೋನ್ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ನಮ್ಮ ಕರೆಂಟು 50 ಹರ್ಟ್ಸ್. ಅದರಿಂದ ಕೆಲವು ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡಿನಲ್ಲಿ ಶಟರ್, ಅಂದ್ರೆ ಬೆಳಕು ಒಳಬಿಡುವ ಸಮಯ, 1/50 ಅಥವಾ 1/100 ಸೆಕೆಂಡ್ ಇಟ್ಟರೆ ಪಟ್ಟೆ ಹೋಗುತ್ತದೆ.

ಮುಂದಿನ ತೊಡಕು ಮನೆಯವರೇ. ಫೋನ್ ಎತ್ತಿದ ಕೂಡಲೇ ನನ್ನ ಅಮ್ಮ, ‘ತಡಿಯೇ ಮಾರಾಯ್ತಿ, ಸೀರೆ ಬದಲಿಸಿ ಬರ್ತೀನಿ’ ಎನ್ನುತ್ತಿದ್ದರು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತುಬಿಡುತ್ತಿದ್ದರು. ಮೊದಲ ಹತ್ತು ದಿನ ಲೋಟ, ಚಪ್ಪಲಿ, ಒದ್ದೆ ಛತ್ರಿ, ಬೆಕ್ಕು, ಇವನ್ನೇ ತೆಗೆಯಿರಿ. ‘ಇವಳಿಗೆ ತಲೆ ಕೆಟ್ಟಿದೆ’ ಎಂದು ಅವರಿಗೆ ಖಾತ್ರಿಯಾದ ಮೇಲೆ ಯಾರೂ ನಿಮ್ಮ ಕಡೆ ನೋಡುವುದಿಲ್ಲ. ಕ್ಲಿಕ್ ಸದ್ದು ಆರಿಸಿಡಿ. ‘ಇಲ್ಲಿ ನೋಡಿ’ ಎನ್ನಲೇಬೇಡಿ. ಬೇಡ ಎಂದವರದ್ದು ತೆಗೆಯಬೇಡಿ. ಕೇಳದೆ ಸ್ಟೇಟಸ್ಸಿಗೂ ಹಾಕಬೇಡಿ.

ಐದಾರು ತೆಗೆದು ಅದೇ ರಾತ್ರಿ ಒಂದನ್ನು ಇಟ್ಟುಕೊಂಡು ಉಳಿದವನ್ನು ಅಳಿಸಿ. ನಾಳೆ ಆರಿಸೋಣ ಎಂದರೆ ಮುಗೀತು. ಜೊತೆಗೆ ಒಂದು ಸಾಲು ಬರೆಯಿರಿ: ‘ಜುಲೈ 14, ಕರೆಂಟಿಲ್ಲ, ಕಳಲೆ ಪಲ್ಯ’. ಒಂದು ದಿನ ತಪ್ಪಿತೇ? ಖಾಲಿ ಬಿಡಿ. ಮರುದಿನ ಎರಡು ತೆಗೆದು ಲೆಕ್ಕ ಸರಿ ಮಾಡುವುದು ನನಗಂತೂ ಹಿಡಿಸದು.

ಫೋಟೊ ಉಳಿಸುವಾಗ ವಾಟ್ಸ್‌ಆ್ಯಪಿನಲ್ಲಿ ಕಳಿಸಿ ಇಟ್ಟುಕೊಳ್ಳಬೇಡಿ, ಅದು ಫೋಟೊವನ್ನು ಕುಗ್ಗಿಸುತ್ತದೆ. ಕಳಿಸಲೇಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳಿಸಿ. ತಿಂಗಳಿಗೊಮ್ಮೆ ಹತ್ತನ್ನಾದರೂ 4×6 ಇಂಚು ಅಳತೆಯಲ್ಲಿ ಪ್ರಿಂಟ್ ಹಾಕಿಸಿ. ಅಂಟು ಹಾಳೆಯ ಆಲ್ಬಮ್ ಮಾತ್ರ ಬೇಡ. ಮಲೆನಾಡಿನ ಥಂಡಿಗೆ ಫೋಟೊ ಅದಕ್ಕೇ ಕಚ್ಚಿಕೊಳ್ಳುತ್ತದೆ. ಬೇರೆ ಕ್ಯಾಮೆರಾ ಇದ್ದವರು ಅದನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಸೇರಿಸಬೇಡಿ. ನಾನು ಸೇರಿಸಿದ್ದೆ; ಮಳೆ ಮುಗಿಯುವಷ್ಟರಲ್ಲಿ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಸ್ಟು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಸಾಕು. ಅಕ್ಕಿ ಬೇಡ, ಬರೀ ಧೂಳು.

ಕೊನೆಯದಾಗಿ, ತಿಂಗಳಿಗೆ ಎರಡು ಸಲವಾದರೂ ಫೋನನ್ನು ಬೇರೆಯವರ ಕೈಗೆ ಕೊಡಿ. ಇಲ್ಲದಿದ್ದರೆ ಇಡೀ ವರ್ಷದಲ್ಲಿ ನೀವೇ ಇರುವುದಿಲ್ಲ. ನಮ್ಮಲ್ಲಿ ಆರು ವರ್ಷದ ಮಗಳು ತೆಗೆಯುತ್ತಾಳೆ. ಹೋದ ಆಗಸ್ಟಿನ ಅವಳ ಫೋಟೊದಲ್ಲಿ ನನ್ನ ತಲೆ ಇಲ್ಲ. ಸೋರುವ ಮಾಡಿನ ಕೆಳಗೆ ಇಟ್ಟ ಬಕೀಟು, ಅದನ್ನು ಸರಿಸುತ್ತಿರುವ ನನ್ನ ಎರಡು ಕೈ. ಆ ದಿನಕ್ಕೆ ಅದನ್ನೇ ಇಟ್ಟುಕೊಂಡಿದ್ದೇನೆ.