38 ದಾಟಿದ ಮೇಲೂ ಓದಿದೆ, ರಾಜ್ಯ ಸರ್ಕಾರದ ಗ್ರೂಪ್ ಸಿ ಕೆಲಸ ಆಯ್ತು: ನನ್ನ ಅನುಭವ

ಇದು ಮೊದಲ ಸಲ ಅರ್ಜಿ ಹಾಕೋ ಹುಡುಗರಿಗಲ್ಲ, ನೋಟಿಫಿಕೇಶನ್ ಬಂದ ತಕ್ಷಣ ಸೀದಾ ವಯೋಮಿತಿ ಪ್ಯಾರಾಗೆ ಹೋಗಿ ಮೊಬೈಲ್ ಪಕ್ಕಕ್ಕಿಡೋ ಹಂತಕ್ಕೆ ಬಂದೋರಿಗೆ. ನಂದು 2ಎ, ಅಂದ್ರೆ ಹಿಂದುಳಿದ ವರ್ಗದ ಮೀಸಲಾತಿ ಗುಂಪು, ಅವಾಗ ನಮಗೆ ವಯೋಮಿತಿ 38 ಇತ್ತು. ಮಾರ್ಕ್ಸ್ ಕಾರ್ಡ್ ಪ್ರಕಾರ ಹುಟ್ಟಿದ್ದು 1985 ಜೂನ್ 1. ಹೌದು ಅದೇ ಜೂನ್ 1, ನಮ್ಮ ಕ್ಲಾಸಲ್ಲಿ ಅರ್ಧ ಜನ ಅವತ್ತೇ ಹುಟ್ಟಿದೋರು, ಹೆಡ್ ಮಾಸ್ತರ ಕೃಪೆ. ಹಂಗಾಗಿ 2023ರ ಜೂನ್‌ಗೆ 38 ತುಂಬ್ತು, ಆಮೇಲೆ ಬಂದ ಯಾವ ಅರ್ಜಿಗೂ ನಾನು ಇಲ್ಲ. ಧಾರವಾಡ ಸಪ್ತಾಪುರದಲ್ಲಿ ಒಂದೇ ರೂಮಲ್ಲಿದ್ದ ದೋಸ್ತರು ಪುಸ್ತಕ ರದ್ದಿಗೆ ಹಾಕಿದ್ರು, ನೀನೂ ಹಾಕೋ ಮಾರಾಯಾ, ಜೆರಾಕ್ಸ್ ಅಂಗಡಿ ನೆಟ್ಟಗ ನೋಡ್ಕೋ ಅಂದ್ರು. ನಾನು ಹಾಕ್ಲಿಲ್ಲ. ಈಗ ಆರ್ಡರ್ ಕೈಯಲ್ಲಿದೆ, ಇಲಾಖೆ ಹೆಸರು ಕೇಳಬ್ಯಾಡಿ, ಪ್ರೊಬೇಷನ್ ಮುಗಿದಿಲ್ಲ.

ನನ್ನ ಲೆಕ್ಕ ಇಷ್ಟೇ ಇತ್ತು. ಕೊರೊನಾ ಟೈಮಲ್ಲಿ ನೇಮಕಾತಿ ಹೆಚ್ಚುಕಮ್ಮಿ ನಿಂತಿತ್ತು, ವಯಸ್ಸು ಮಾತ್ರ ನಿಲ್ಲಲಿಲ್ಲ, ಲಕ್ಷಗಟ್ಟಲೆ ಹುಡುಗರು ಗೇಟ್ ಹೊರಗೆ ಬಿದ್ರು, ಇಷ್ಟು ಜನರ ಕೂಗಿಗೆ ಇವತ್ತಲ್ಲ ನಾಳೆ ಸಡಿಲಿಕೆ ಕೊಡಲೇಬೇಕು. ಕೊಟ್ಟಾಗ ತಯಾರಿ ಇದ್ದೋನೇ ಗೆಲ್ಲೋದು, ಯಾಕಂದ್ರೆ ನನ್ನ ವಯಸ್ಸಿನೋರೆಲ್ಲ ಅಷ್ಟೊತ್ತಿಗೆ ಓದೋದು ಬಿಟ್ಟಿರ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ 3 ವರ್ಷದ ಸಡಿಲಿಕೆ ಬಂತು. ಸಾಮಾನ್ಯ ವರ್ಗಕ್ಕೆ 35, ನಮ್ಮಂಥ ಹಿಂದುಳಿದ ವರ್ಗಕ್ಕೆ 38, ಎಸ್‌ಸಿ, ಎಸ್‌ಟಿ, ಪ್ರವರ್ಗ 1ಕ್ಕೆ 40 ಇದ್ದದ್ದು 38, 41, 43 ಆಯ್ತು. ಆಗಲೇ ಕರೆದಿದ್ದ ಕೆಲವು ಪೋಸ್ಟಿಗೂ ಮತ್ತೆ ಅರ್ಜಿ ತಗೊಂಡ್ರು, ಆದ್ರೆ ಕಿಟಕಿ ತೆರೆದಿದ್ದು ಹತ್ತು ಹದಿನೈದು ದಿನ ಅಷ್ಟೇ. ನಮ್ಮ ಅಂಗಡಿಗೆ ಜನ ಓಡಿ ಬಂದ್ರು ನೋಡಿ, ಒಬ್ಬನ ನಮೂನೆ ಎಫ್, ಅಂದ್ರೆ ಜಾತಿ ಆದಾಯ ಸರ್ಟಿಫಿಕೇಟು, 5 ವರ್ಷ ದಾಟಿ ಸತ್ತಿದೆ, ಇನ್ನೊಬ್ಬನ ಕನ್ನಡ ಮಾಧ್ಯಮದ ಸರ್ಟಿಫಿಕೇಟಲ್ಲಿ ಶಾಲೆ ಸೀಲೇ ಇಲ್ಲ, ಮತ್ತೊಬ್ಬನ ಗ್ರಾಮೀಣ ಮೀಸಲಾತಿ ಸರ್ಟಿಫಿಕೇಟಿಗೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಇಲ್ಲ. ನಂದು ಎಲ್ಲಾ ಒಂದು ಫೈಲಲ್ಲಿ ಜೀವಂತ ಇತ್ತು, ವಯಸ್ಸು ಮುಗಿದ ಮೇಲೂ ಎಫ್ ರಿನ್ಯೂ ಮಾಡಿಸಿದ್ದೆ. ನಲವತ್ತು ರೂಪಾಯಿ ಖರ್ಚು. ಅವಾಗ ನಕ್ಕಿದ್ರು.

ಓದಿದ್ದು ಹೆಂಗೆ ಅಂದ್ರೆ, ವಯಸ್ಸು ಮುಗಿದು ಸಡಿಲಿಕೆ ಬರೋ ತನಕ, ಆ ಒಂದು ವರ್ಷಕ್ಕೂ ಹೆಚ್ಚು ಕಾಲ, ಕರೆಂಟ್ ಅಫೇರ್ಸ್ ಮುಟ್ಟಲೇ ಇಲ್ಲ. ಅದು ಹಾಲಿದ್ದಂಗೆ, ಇಟ್ರೆ ಒಡೀತದೆ. ಬರೀ ಸಂವಹನ ಪೇಪರ್ ಹಿಡಿದೆ, ಕನ್ನಡ 35, ಇಂಗ್ಲಿಷ್ 35, ಕಂಪ್ಯೂಟರ್ 30 ಮಾರ್ಕ್ಸು. ನಮ್ಮೋರು ಜಿಕೆಗೆ ಜೀವ ಕೊಡ್ತಾರೆ, ಇಲ್ಲಿ ಬಂದು ಐವತ್ತೈದು ಅರವತ್ತಕ್ಕೆ ನಿಲ್ತಾರೆ. ಸಂಧಿ ಸಮಾಸ ಇವತ್ತೂ ಅದೇ, ಹತ್ತು ವರ್ಷದ ಹಿಂದೆಯೂ ಅದೇ. ನಂಗೆ ಅದ್ರಲ್ಲಿ ಎಂಬತ್ತರ ಹತ್ತಿರ ಬಿತ್ತು, ಜಿಕೆ ಸಾಧಾರಣ. ತಪ್ಪು ಉತ್ತರಕ್ಕೆ ಕಳೆಯೋ ಕಾಲು ಮಾರ್ಕಿನ ನೆಗೆಟಿವ್‌ಗೆ ಹೆದರಿ ಎಷ್ಟು ಪ್ರಶ್ನೆ ಬಿಡಬೇಕು ಅನ್ನೋದಕ್ಕೆ ನನ್ನದೇ ಒಂದು ಶೀಟ್ ಇದೆ, ಅದರ ವಿಷಯ ಕೊನೆಗೆ.

ದುಡ್ಡು. 2013-14ರ ಸುಮಾರಿಗೆ ಧಾರವಾಡದಲ್ಲಿ ಕೋಚಿಂಗ್, ರೂಮು, ಮೆಸ್ ಸೇರಿ ಎಪ್ಪತ್ತು ಸಾವಿರದ ಮೇಲೆ ಹೋಯ್ತು, ಆಮೇಲೆ ಬೆಂಗಳೂರಿನ ವಿಜಯನಗರದ ಕೋಚಿಂಗಿಗೆ ಹೋಗಿ ಇನ್ನೊಂದು ಮೂವತ್ತು ನಲವತ್ತು ಸುಟ್ಟೆ, ಸಿಕ್ಕಿದ್ದು ಮುಕ್ಕಾಲು ಮಾರ್ಕಿನಲ್ಲಿ ಹೋದ ಒಂದು ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಪೋಸ್ಟು. ಈ ಸಲ ರೀಡಿಂಗ್ ರೂಮು, ಟೆಸ್ಟ್ ಸೀರೀಸು, ಅರ್ಜಿಗೆ 300 ಪ್ಲಸ್ 35, ಬಸ್ ಚಾರ್ಜು, ಎಲ್ಲಾ ಸೇರಿ ಹದಿಮೂರು ಸಾವಿರ ದಾಟಿರಲಿಕ್ಕಿಲ್ಲ. ಜೆರಾಕ್ಸ್ ಅಂತೂ ಪುಕ್ಕಟೆ.

ನಡುವೆ ಬೇರೆ ಪ್ರಯೋಗಾನೂ ಮಾಡಿದೆ. ಜನ್ಮ ದಿನಾಂಕ ಕೋರ್ಟಲ್ಲಿ ತಿದ್ದಿಸೋಣ ಅಂತ ವಕೀಲರ ಹತ್ರ ಹೋದೆ, ಮೂವತ್ತು ಸಾವಿರ ಅಂದ್ರು, ತೀರ್ಪು ಬರೋದ್ರೊಳಗೆ ತಿದ್ದಿದ ವಯಸ್ಸೂ ದಾಟ್ತಿತ್ತು, ಕೈಬಿಟ್ಟೆ. 2024ರ ರೈಲ್ವೆ ಎನ್‌ಟಿಪಿಸಿ, ಅಂದ್ರೆ ಕ್ಲರ್ಕು, ಸ್ಟೇಷನ್ ಮಾಸ್ಟರ್ ಥರದ ಪೋಸ್ಟಿನ ನೇಮಕಾತಿ ನೋಡಿದೆ, ಪದವಿ ಪೋಸ್ಟಿಗೆ 36 ಇತ್ತು, ಒಬಿಸಿಗೆ ಮೂರು ಸೇರಿ 39, ಆದ್ರೆ ಅವರು ಎಣಿಸಿದ್ದು 2025 ಜನವರಿ 1ಕ್ಕೆ, ಅಂದ್ರೆ 1986 ಜನವರಿ 2ಕ್ಕಿಂತ ಮೊದಲು ಹುಟ್ಟಿದೋರು ಔಟ್. ಏಳು ತಿಂಗಳಲ್ಲಿ ಹೋಯ್ತು. ನಮ್ಮ ರಾಜ್ಯದ್ದು ಅರ್ಜಿಯ ಕೊನೆ ದಿನಕ್ಕೆ ಎಣಿಸ್ತಾರೆ, ಈ ವ್ಯತ್ಯಾಸ ತಲೇಲಿ ಇರ್ಲಿ. ಇನ್ನೊಂದು, ಸಿಎಂಇಜಿಪಿ (ಮುಖ್ಯಮಂತ್ರಿ ಸ್ವಯಂ ಉದ್ಯೋಗ ಯೋಜನೆ) ಲೋನಿಗೆ ನಮ್ಮಂಥೋರಿಗೆ 45ರ ತನಕ ಅವಕಾಶ, ಸಬ್ಸಿಡಿ 35 ಪರ್ಸೆಂಟ್ ಅಂತ ಅಡಿಕೆ ತಟ್ಟೆ ಯೂನಿಟ್ಟಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಿದೆ, ಮೂರೋ ನಾಲ್ಕೋ ಸಾವಿರ, ಬ್ಯಾಂಕಿನಲ್ಲಿ ಫೈಲ್ ಮೇಲೆ ಧೂಳು ಕೂತಿದ್ದೇ ಬಂತು.

ಅಂಗಡಿಗೆ ಬರ್ತಿದ್ದ ಟೈಲರಿಂಗ್ ಅಕ್ಕ ಒಬ್ರಿಗೆ ವಿಧವೆಯರಿಗೆ 10 ವರ್ಷ ಸಡಿಲಿಕೆ ಇದೆ ಅನ್ನೋದೇ ಗೊತ್ತಿರಲಿಲ್ಲ, ಡಿಗ್ರಿ ಆಗಿದೆ, ಮನೇಲಿ ಕೂತಿದ್ರು. ಅರ್ಜಿ ನಾನೇ ತುಂಬಿದೆ, ಲಿಸ್ಟಲ್ಲಿ ಸ್ವಲ್ಪದರಲ್ಲಿ ತಪ್ಪಿತು, ಮುಂದಿನದು ಬಿಡಲ್ಲ ಅಂತಾರೆ. ಅಂಗವಿಕಲರಿಗೂ 10, ಮಾಜಿ ಸೈನಿಕರಿಗೆ ಸೇವೆ ಮಾಡಿದಷ್ಟು ಪ್ಲಸ್ 3. ನೋಟಿಫಿಕೇಶನ್‌ನ ಆ ಪುಟ ಯಾರೂ ಪೂರ್ತಿ ಓದಲ್ಲ.

ಲೇಟಾಗಿ ಸೇರಿ ಏನು ಲಾಭ ಅನ್ನೋರಿಗೆ ಉತ್ತರ: 60ರ ತನಕ ಹತ್ತೊಂಬತ್ತಿಪ್ಪತ್ತು ವರ್ಷ ಸರ್ವಿಸ್ ಇದೆ, ಬೇಸಿಕ್ 34 ಸಾವಿರದ ಆಸುಪಾಸು, ಎನ್‌ಪಿಎಸ್ ಪಿಂಚಣಿಗೆ 10 ಪರ್ಸೆಂಟ್ ಹೋದ್ರೂ ಅಂಗಡಿ ಯಾವ ತಿಂಗಳೂ ಇಷ್ಟು ಕೊಟ್ಟಿಲ್ಲ. ಮೇಲಾಗಿ ಈಗ ನಾನು ಸೇವೆಯಲ್ಲಿರೋ ಅಭ್ಯರ್ಥಿ, ಸರ್ವಿಸ್ ಎಷ್ಟು ವರ್ಷವೋ ಅಷ್ಟು, ಹೆಚ್ಚಂದ್ರೆ 10 ವರ್ಷ ಸಡಿಲಿಕೆ ಸಿಗ್ತದೆ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಬರ್ಲಿ ನೋಡೋಣ.

2025ರಲ್ಲಿ ಮತ್ತೆ 3 ವರ್ಷ ಕೊಟ್ಟಿದಾರೆ, 2027 ಡಿಸೆಂಬರ್ 31ರ ತನಕ. ಹಳೇದಕ್ಕೆ ಸೇರಿಸಿ ಆರು ಅಂದ್ಕೋಬ್ಯಾಡಿ, 2ಎಗೆ 41 ಅಷ್ಟೇ. ಇನ್ನು ಆ ನೆಗೆಟಿವ್ ಶೀಟು ಕೊಡಿ ಅಂತ ಎಷ್ಟೋ ಜನ ಕೇಳ್ತಿದಾರೆ. ನನ್ನ ತಂಗಿಗೆ ಈಗ 39, ಅವಳೂ ಬರೀತಿದಾಳೆ. ಅವಳ ಆರ್ಡರ್ ಬಂದ ಮೇಲೆ ಹಾಕ್ತೀನಿ.